ರಿಯಾದ್‌ಗೆ ನೀವೇ ಹೋಗಿ, ಜೂನಿಯರ್ ಬೇಕಾದರೆ ಜೊತೆಗೆ ಬರಲಿ

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದರಲ್ಲಿ ಆಸ್ಪತ್ರೆ ಸಾಫ್ಟ್‌ವೇರ್ ಮಾರಾಟದ ಹೊಣೆ ನನ್ನದು. ಸೌದಿ ಅರೇಬಿಯಾದ ರಾಜಧಾನಿ ರಿಯಾದ್‌ನ ಗ್ರಾಹಕರ ಜೊತೆ ಮೊದಲಿನಿಂದ ಮಾತಾಡಿದ್ದು ನಾನೇ. ಈಗ ಒಪ್ಪಂದಕ್ಕೆ ಐದು ದಿನ ಅಲ್ಲಿಗೆ ಹೋಗಬೇಕು. ಯಜಮಾನರು ‘ಅಲ್ಲಿ ಹೆಂಗಸರು ಒಬ್ಬರೇ ಓಡಾಡೋ ಹಾಗಿಲ್ಲ, ಬೇಡ’ ಅನ್ನುತ್ತಾರೆ. ಬಾಸ್, ‘ಕಷ್ಟ ಆದರೆ ಜೂನಿಯರ್ ಹುಡುಗನನ್ನು ಕಳಿಸೋಣ’ ಎಂದಿದ್ದಾರೆ. ಬುರ್ಖಾ ಹಾಕಬೇಕೇ? ಏನು ಮಾಡಲಿ?

ಉತ್ತರ: ಹೋಗಿ. ನಿಮ್ಮ ಯಜಮಾನರ ಭಯ ಸುಳ್ಳಲ್ಲ, ಹಳೆಯದು ಅಷ್ಟೆ. ಉಡುಪು, ನಡತೆಯ ಮೇಲೆ ಕಣ್ಣಿಡುತ್ತಿದ್ದ ಧಾರ್ಮಿಕ ಪೊಲೀಸರ ಬಂಧಿಸುವ ಅಧಿಕಾರ 2016ರಲ್ಲೇ ಹೋಯಿತು. 2019ರಿಂದ ಮಹಿಳೆ ತನ್ನ ಹೆಸರಿನಲ್ಲೇ ಹೋಟೆಲ್ ರೂಮ್ ಪಡೆಯಬಹುದು. ವಿದೇಶಿ ಮಹಿಳೆಯರಿಗೆ ಅಬಾಯಾ (ಮೈ ಮುಚ್ಚುವ ಉದ್ದನೆಯ ಸಡಿಲ ಮೇಲಂಗಿ) ಕಡ್ಡಾಯವಲ್ಲ, ತಲೆ ಮುಚ್ಚಬೇಕೆಂದೂ ಇಲ್ಲ. ಭುಜ, ಮೊಣಕಾಲು ಮುಚ್ಚಿದ ಸಡಿಲ ಉಡುಪು ಇರಬೇಕು. ಉದ್ದ ತೋಳಿನ ಕುರ್ತಾ, ಪ್ಯಾಂಟು ಸಾಕು. ಸೀರೆ ಬೇಡ: ಮೀಟಿಂಗ್ ಪೂರ್ತಿ ಸೊಂಟದ ಮೇಲೆ ಸೆರಗು ಎಳೆದುಕೊಳ್ಳುತ್ತಲೇ ಕೂರುತ್ತೀರಿ.

ನಿಜವಾದ ಅಪಾಯ ನಿಮ್ಮ ಆಫೀಸಿನಲ್ಲೇ ಇದೆ. ಬಾಸ್ ಈಗಲೇ ಅನುಮಾನದಿಂದ ಮಾತಾಡಿದರೆ, ಗ್ರಾಹಕರೂ ನಿಮ್ಮನ್ನು ಬಿಟ್ಟು ಗಂಡಸಿನ ಕಡೆ ತಿರುಗುತ್ತಾರೆ. ಟಿಕೆಟ್‌ಗೂ ಮುಂಚೆ ಬಾಸ್ ಕೈಯಲ್ಲಿ ಗ್ರಾಹಕರಿಗೆ ಒಂದು ಇಮೇಲ್ ಬರೆಸಿ: ಬೆಲೆ, ಷರತ್ತು, ಸಹಿ, ಮೂರೂ ನಿಮ್ಮದೇ ಎಂದು. ವೀಸಾಗೆ ಗ್ರಾಹಕರು ಕಳಿಸುವ ಆಹ್ವಾನ ಪತ್ರದಲ್ಲೂ ನಿಮ್ಮ ಹುದ್ದೆ ಸರಿಯಾಗಿರಲಿ. ಜೂನಿಯರ್ ಜೊತೆಗೆ ಬಂದರೆ ಮೊದಲೇ ಹೇಳಿಡಿ: ಅವನನ್ನು ನೋಡಿ ಪ್ರಶ್ನೆ ಕೇಳಿದರೆ, ‘ಅದನ್ನು ಮೇಡಂ ಹೇಳ್ತಾರೆ’ ಎಂದು ಸುಮ್ಮನಾಗಬೇಕು. ಎರಡು ಸಲ ಹೀಗಾದರೆ ಪ್ರಶ್ನೆಗಳು ತಾನಾಗಿ ನಿಮ್ಮ ಕಡೆಗೇ ಬರುತ್ತವೆ.

ಕೈ ಕುಲುಕಲು ನೀವಾಗಿ ಮುಂದಾಗಬೇಡಿ. ಅವರು ಚಾಚಿದರೆ ಕೊಡಿ, ಇಲ್ಲವಾದರೆ ಬಲಗೈ ಎದೆಯ ಮೇಲಿಟ್ಟು ಸಣ್ಣಗೆ ತಲೆ ಬಾಗಿಸಿ. ಕೈ ಕೊಡದಿದ್ದರೆ ಅದು ಅವಮಾನವಲ್ಲ. ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಹಳದಿ ಬಣ್ಣದ ಕಾಫಿ ಬರುತ್ತದೆ, ಬಲಗೈಯಲ್ಲೇ ತೆಗೆದುಕೊಳ್ಳಿ. ಖಾಲಿ ಬಟ್ಟಲು ಹಾಗೇ ಹಿಂದಕ್ಕೆ ಕೊಟ್ಟರೆ ಮತ್ತೆ ತುಂಬುತ್ತಾರೆ. ಸಾಕೆನ್ನಲು ಅದನ್ನು ಪಕ್ಕಕ್ಕೆ ಎರಡು ಸಲ ಅಲ್ಲಾಡಿಸಿ. ಕಾಫಿ ಮುಗಿಯುವ ಮೊದಲೇ ಲ್ಯಾಪ್‌ಟಾಪ್ ತೆರೆಯಬೇಡಿ, ಮನೆಯವರೆಲ್ಲ ಹೇಗಿದ್ದಾರೆ ಎಂಬ ಮಾತು ಮೊದಲು.

ಅಲ್ಲಿ ವಾರ ಶುರುವಾಗುವುದು ಭಾನುವಾರ; ಶುಕ್ರವಾರ, ಶನಿವಾರ ರಜೆ. ಶನಿವಾರ ತಲುಪಿ, ಗುರುವಾರ ಮಧ್ಯಾಹ್ನದ ಮೇಲೆ ಏನೂ ಇಟ್ಟುಕೊಳ್ಳಬೇಡಿ. ರಂಜಾನ್ ತಿಂಗಳಾದರೆ ಕೆಲಸದ ವೇಳೆಯೇ ಕಡಿಮೆ, ದಿನಾಂಕ ಬದಲಿಸಿಕೊಳ್ಳುವುದು ಜಾಣತನ.

ಸಿಮ್‌ಗೆ ಪಾಸ್‌ಪೋರ್ಟ್ ಜೊತೆ ಬೆರಳಚ್ಚು ಕೊಡಬೇಕು, ವಿಮಾನ ನಿಲ್ದಾಣದಲ್ಲೇ ಮುಗಿಸಿ. ಓಡಾಟಕ್ಕೆ ಆ್ಯಪ್ ಕಾರು, ಹಿಂದಿನ ಸೀಟು. ಮೆಟ್ರೋದಲ್ಲಾದರೆ ಫ್ಯಾಮಿಲಿ ಬೋಗಿ ಇದೆ. ತುರ್ತಿಗೆ 911. ಕಿರುಕುಳಕ್ಕೆ 2018ರಿಂದ ಜೈಲುಶಿಕ್ಷೆಯ ಕಾನೂನಿದೆ, ದೂರು ಕೊಡಲು ಹಿಂಜರಿಯಬೇಡಿ.

ಬ್ಯಾಗು ನೀವೇ ತುಂಬಿ. ಮನೆಯವರು ಪ್ರೀತಿಯಿಂದ ಕೊಡುವ ಮಸಾಲೆಯಲ್ಲಿ, ಸಿಹಿಯಲ್ಲಿ ಗಸಗಸೆ ಇರಬಹುದು; ಅಲ್ಲಿ ಅದು ನಿಷಿದ್ಧ, ಮಾದಕ ವಸ್ತುವಿನ ಲೆಕ್ಕ. ಟ್ರಾಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆಗಳಿಗೂ ಮುಂಚಿತ ಅನುಮತಿ ಬೇಕು.

ಯಜಮಾನರು ಜೊತೆಗೇ ಬರಬೇಕೆಂಬ ನಿಯಮ ಇಲ್ಲ. ಆದರೂ ಹೊರಟು ನಿಂತರೆ, ಅವರ ವೀಸಾ, ಖರ್ಚು ಅವರದೇ ಇರಲಿ. ಮೀಟಿಂಗ್ ರೂಮಿಗೆ ಮಾತ್ರ ಬರುವುದು ಬೇಡ.