ಓದಿದ ಪುಟಕ್ಕೇ ಅಡಿಟಿಪ್ಪಣಿ

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಭಾಗದ ಹತ್ತಿ ವ್ಯಾಪಾರದ ಕುರಿತು ಎಂ.ಎ. ಕಿರುಪ್ರಬಂಧ ಬರೆಯುತ್ತಿದ್ದೇನೆ. ಮುಂಬೈ ಪ್ರಾಂತದ ಗೆಜೆಟಿಯರಿನ (ಜಿಲ್ಲೆಗಳ ಕುರಿತ ಸರಕಾರಿ ಮಾಹಿತಿಗ್ರಂಥದ) ಧಾರವಾಡ ಸಂಪುಟದ ಅಂಕಿಗಳು ಇತ್ತೀಚಿನ ಪುಸ್ತಕವೊಂದರಲ್ಲಿ ಸಿಕ್ಕಿವೆ. ಅಡಿಟಿಪ್ಪಣಿಯಲ್ಲಿ ಗೆಜೆಟಿಯರಿನ ಹೆಸರನ್ನಷ್ಟೇ ಕೊಡಬಹುದೇ? ನನ್ನ ಮಾತಿನಲ್ಲಿ ಬರೆದ ಕಡೆಗೂ ಆಕರ ಸೂಚಿಸಬೇಕೇ?
— ವಿದ್ಯಾರ್ಥಿನಿ, ಹಾವೇರಿ

ಉತ್ತರ: ಗೆಜೆಟಿಯರನ್ನು ನೀವೇ ತೆರೆದು ನೋಡಿರದಿದ್ದರೆ ಅದರ ಹೆಸರನ್ನಷ್ಟೇ ಕೊಡಬಾರದು. ಅಂಕಿಗಳನ್ನು ಎತ್ತಿಕೊಳ್ಳುವಾಗ ನಡುವಿನ ಲೇಖಕರು ಎಡವಿದ್ದರೆ ಆ ತಪ್ಪು ನಿಮ್ಮ ಪ್ರಬಂಧದಲ್ಲಿ ಗೆಜೆಟಿಯರಿನ ತಲೆಗೆ ಬರುತ್ತದೆ. ಮೂಲದ ಹೆಸರು, ಸಂಪುಟ, ವರ್ಷಗಳನ್ನು ಬರೆದು, ನೀವು ಓದಿದ ಪುಸ್ತಕದ ಲೇಖಕರು, ಶೀರ್ಷಿಕೆ, ಪುಟಸಂಖ್ಯೆಗಳನ್ನು ‘ಇದರಲ್ಲಿ ಉದ್ಧೃತ’ ಎಂದು ಸೇರಿಸಿರಿ.

ಆದರೂ ನಿಮ್ಮ ವಿಷಯಕ್ಕೆ ಮೂಲವನ್ನು ನೋಡಲೇಬೇಕೆಂಬುದು ನನ್ನ ಆಗ್ರಹ. 1884ರಲ್ಲಿ ಪ್ರಕಟವಾದ ಆ 22ನೆಯ ಸಂಪುಟದಲ್ಲಿ ಧಾರವಾಡ ಜಿಲ್ಲೆಯೆಂದರೆ ಇಂದಿನ ಧಾರವಾಡವಲ್ಲ. ಗದಗ, ರೋಣ, ಹಾನಗಲ್ಲ, ರಾಣೇಬೆನ್ನೂರುಗಳೆಲ್ಲ ಅದರಲ್ಲಿಯೇ ಇದ್ದವು, ನಿಮ್ಮ ಹಾವೇರಿ ಆಗ ಕರಜಗಿ ತಾಲೂಕಿಗೆ ಸೇರಿತ್ತು. ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಮೂಲದ ವರ್ಷವನ್ನು ಬಿಟ್ಟು ಇತ್ತೀಚಿನ ಪುಸ್ತಕದ ವರ್ಷವನ್ನಷ್ಟೇ ಕೊಟ್ಟರೆ, ಓದುಗರು ಆ ಅಂಕಿಯನ್ನು ಇಂದಿನ ಚಿಕ್ಕ ಜಿಲ್ಲೆಗೆ ಹಚ್ಚಿ ಲೆಕ್ಕ ಹಾಕುತ್ತಾರೆ. ಸ್ಕ್ಯಾನ್ ಪ್ರತಿಯನ್ನು ಓದುವುದಾದರೆ ಪರದೆಯ ಮೇಲೆ ಕಾಣುವ ಸಂಖ್ಯೆಯನ್ನಲ್ಲ, ಹಾಳೆಯ ಮೇಲೆ ಅಚ್ಚಾಗಿರುವ ಪುಟಸಂಖ್ಯೆಯನ್ನೇ ಬರೆದುಕೊಳ್ಳಿರಿ. ಮುನ್ನುಡಿ, ನಕಾಶೆಗಳ ಹಾಳೆಗಳೂ ಎಣಿಕೆಗೆ ಸೇರುವುದರಿಂದ ಎರಡೂ ಸಾಮಾನ್ಯವಾಗಿ ಹೊಂದುವುದಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ನೇರವಾಗಿದೆ: ಸೂಚಿಸಲೇಬೇಕು. ಮಾತು ನಿಮ್ಮದಾದರೂ ವಿಚಾರ ಇನ್ನೊಬ್ಬರ ದುಡಿಮೆ. ಉದ್ಧರಣ ಚಿಹ್ನೆಯನ್ನು ಬಿಡಬಹುದೇ ಹೊರತು ಅಡಿಟಿಪ್ಪಣಿಯನ್ನಲ್ಲ. ಗಾಂಧೀಜಿ 1869ರಲ್ಲಿ ಹುಟ್ಟಿದರೆಂಬಂಥ ಸರ್ವವಿದಿತ ಸಂಗತಿಗಳಿಗೆ ಮಾತ್ರ ಆಕರ ಬೇಡ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯಂತೆ ಬೇರೆ ಬರಹಗಳೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲವೆಂಬುದನ್ನು ಅನೇಕ ವಿದ್ಯಾರ್ಥಿಗಳು ಅಷ್ಟು ನಕಲು ಮಾಡಲು ಸಿಕ್ಕ ಪರವಾನಿಗೆಯೆಂದು ತಿಳಿದಿರುವುದು ಬೇಸರದ ಸಂಗತಿ. ನಕಲು ಪತ್ತೆಮಾಡುವ ತಂತ್ರಾಂಶ ಹಿಡಿಯುವುದು ಪದಗಳ ಹೋಲಿಕೆಯನ್ನು; ಎತ್ತಿಕೊಂಡ ವಿಚಾರವನ್ನು ಆ ವಿಷಯ ಬಲ್ಲ ಪರೀಕ್ಷಕರು ಗುರುತಿಸುತ್ತಾರೆ.

ಗ್ರಂಥಋಣದಲ್ಲಿ ಹೆಸರುಗಳ ಬಗೆಗೂ ಎಚ್ಚರವಿರಲಿ. ಪಾಟೀಲ, ಕುಲಕರ್ಣಿ, ಹಿರೇಮಠ ಎಂಬ ಅಡ್ಡಹೆಸರುಗಳನ್ನು ಮೊದಲು ಬರೆಯುವುದು ಸುಲಭ. ಅಡ್ಡಹೆಸರಿಲ್ಲದೆ ಇನಿಷಿಯಲ್‌ಗಳನ್ನಷ್ಟೇ ಇಟ್ಟುಕೊಂಡ ದಕ್ಷಿಣದ ಜಿಲ್ಲೆಗಳ ಲೇಖಕರನ್ನು ಅವರ ಸ್ವಂತ ಹೆಸರಿನಿಂದಲೇ ಅಕಾರಾದಿಗೆ ಸೇರಿಸಿ, ಇನಿಷಿಯಲ್‌ಗಳನ್ನು ಆಮೇಲೆ ಕೊಡಿರಿ.