ಪ್ರತಿಕ್ರಿಯೆ: ಎಲ್ಲಾ ಕನಸು ಅಂದುಕೊಂಡರೂ ನೆಮ್ಮದಿ ಯಾಕಿಲ್ಲ?

ನಮಸ್ಕಾರ. ಆಫೀಸಿನಲ್ಲಿ ಬೈಸಿಕೊಂಡು ಮುಂಬೈಯ ಡೊಂಬಿವಲಿ ಲೋಕಲ್ ರೈಲು ಹತ್ತಿದಾಗ "ಇದೆಲ್ಲಾ ಕನಸು" ಅಂದುಕೊಂಡರೂ ಸಮಾಧಾನ ಆಗುತ್ತಿಲ್ಲ ಎಂದು ಬರೆದಿದ್ದೀರಿ. ಸುಮ್ನೆ ಅಂದುಕೊಂಡರೆ ಆಗುವುದಿಲ್ಲ, ನೋಡಬೇಕು. ಮೊದಲೂ ಇಲ್ಲದ್ದು, ಕೊನೆಗೂ ಇಲ್ಲದ್ದು ನಡುವೆಯೂ ಹಾಗೇ, ಇಲ್ಲದ್ದೇ ಎನ್ನುತ್ತಾರೆ ಅದ್ವೈತದ ಹಳೆಯ ಆಚಾರ್ಯರಾದ ಗೌಡಪಾದರು. ರೈಲು ಥಾಣೆ ನಿಲ್ದಾಣ ದಾಟುವಾಗ ಗಮನಿಸಿ: ಬೈದವರು ನಿಮ್ಮ ಬೋಗಿಯಲ್ಲಿಲ್ಲ. ಅವರ ದನಿ, ನೀವು ಕೊಡಬೇಕಿದ್ದ ಉತ್ತರ, ಎರಡನ್ನೂ ಮನಸ್ಸೇ ಆಡಿಸುತ್ತಿದೆ. ಆದರೂ ಎದೆ ಹೊಡೆದುಕೊಳ್ಳುತ್ತದೆ, ಕನಸಿನಲ್ಲಿ ಹುಲಿ ಕಂಡ ಹಾಗೆ. ಆ ಭಯವನ್ನು ಓಡಿಸಲು ಹೋಗಬೇಡಿ. ಬರುವುದನ್ನು, ಹೋಗುವುದನ್ನು ನೋಡಿ, ಸಾಕು.

ಕೆಲಸ ಬಿಡಬೇಕಾಗಿಯೂ ಇಲ್ಲ. ನಿಮ್ಮ ಮುಂಬೈಯ ಖೇತವಾಡಿಯಲ್ಲೇ ಇದ್ದ ಅದ್ವೈತ ಗುರು ನಿಸರ್ಗದತ್ತ ಮಹಾರಾಜರು (1897–1981) ಬೀಡಿ ಅಂಗಡಿ ನಡೆಸಿದವರು, ಸಂಸಾರಿಗಳು ಅಲ್ವಾ? ಆದರೆ ಸುತ್ತಲಿನದೆಲ್ಲ ಸುಳ್ಳು ಎನಿಸಿ ಭಯ ಜಾಸ್ತಿಯಾಗುತ್ತಿದ್ದರೆ ಅದು ಬೇರೆಯೇ ವಿಷಯ. ದಯವಿಟ್ಟು ಡಾಕ್ಟರನ್ನು ಕಾಣಿ.