ಚಳಿಗಾಲದ ಚೀಸ್ ಹಲಗೆ

ಪ್ರಶ್ನೆ: ಚಳಿಗಾಲದ ಸಂಜೆಯೊಂದರಲ್ಲಿ ಎಂಟು ಮಂದಿ ಅತಿಥಿಗಳ ಮುಂದೆ ಊಟದ ಕೊನೆಗೆ ಚೀಸ್ ಹಲಗೆಯನ್ನು ಇಡಬೇಕೆಂದಿದ್ದೇನೆ. ಯಾವ ಬಗೆಯ ಚೀಸ್, ಎಷ್ಟು ಪ್ರಮಾಣದಲ್ಲಿ ಬೇಕಾಗುತ್ತದೆ?

ಉತ್ತರ: ಬಗೆಗಳು ಹೆಚ್ಚಾದರೆ ಹಲಗೆ ಸಂತೆಯಂತಾಗುತ್ತದೆ, ಮೂರೇ ಸಾಕು. ಊಟವಾದ ಮೇಲಿನ ತಿನಿಸಾದ್ದರಿಂದ ಒಬ್ಬರಿಗೆ 50ರಿಂದ 60 ಗ್ರಾಂ, ಅಂದರೆ ಒಟ್ಟು ಸುಮಾರು ಅರ್ಧ ಕಿಲೊ ಇರಲಿ. ಋತುವಿನ ಗುರುತಾಗಿ ನಾನು ಮೊದಲು ಆರಿಸುವುದು ಫ್ರಾನ್ಸಿನ ಜುರಾ ಪ್ರದೇಶದ ಮೋಂಡೋರ್ ಚೀಸನ್ನು. ಆಗಸ್ಟ್ 15ರಿಂದ ಮಾರ್ಚ್ 15ರವರೆಗೆ ಮಾತ್ರ ತಯಾರಾಗುವ ಇದರ ಸುತ್ತ ಸ್ಪ್ರೂಸ್ ಮರದ ತೊಗಟೆಯ ಪಟ್ಟಿಯಿರುತ್ತದೆ, ಮೇಲಿನ ಸುಕ್ಕುಗಟ್ಟಿದ ಸಿಪ್ಪೆಯನ್ನು ಮುಚ್ಚಳದಂತೆ ಕತ್ತರಿಸಿ ತೆಗೆದರೆ ಒಳಗಿನದನ್ನು ಚಮಚದಲ್ಲೇ ತೋಡಿಕೊಳ್ಳಬಹುದು. ಇದರ ಮೃದುತ್ವಕ್ಕೆ ಎದುರಾಗಿ ಗಟ್ಟಿಯಾದ, ಚೆನ್ನಾಗಿ ಮಾಗಿದ ಕೋಂಟೆಯನ್ನೂ, ಖಾರವಾದ ನೀಲಿ ಗೆರೆಗಳ ಸ್ಟಿಲ್ಟನ್ನನ್ನೂ ಇಡಿ. ಆಡಿನ ಹಾಲಿನ ತಾಜಾ ಚೀಸಿಗೆ ವಸಂತವೇ ಸರಿಯಾದ ಕಾಲವಾದ್ದರಿಂದ ಈಗ ಅದನ್ನು ಬಿಟ್ಟುಬಿಡಿ.

ಜೊತೆಗೆ ಅಕ್ರೋಟು, ಒಣ ಅಂಜೂರ ಮತ್ತು ಪೇರು ಹಣ್ಣು (ಸೀಬೆಯಲ್ಲ, ಪಿಯರ್) ಒಪ್ಪುತ್ತವೆ. ಪೇರು ಹಣ್ಣಿನ ಹೋಳುಗಳು ಬೇಗ ಕಂದುಬಣ್ಣಕ್ಕೆ ತಿರುಗುವುದರಿಂದ ಅವನ್ನು ಕೊನೆಯ ಗಳಿಗೆಯಲ್ಲಿ ಹೆಚ್ಚಿಕೊಳ್ಳಿ. ಬಿಸ್ಕತ್ತು ಉಪ್ಪಿಲ್ಲದ್ದೇ ಆಗಿರಲಿ, ಏಕೆಂದರೆ ಚೀಸಿನಲ್ಲಿರುವ ಉಪ್ಪೇ ಧಾರಾಳವಾಗುತ್ತದೆ.

ಹೆಚ್ಚಿನವರು ಎಡವುವುದು ಆಯ್ಕೆಯಲ್ಲಲ್ಲ, ಸಮಯದಲ್ಲಿ: ಫ್ರಿಜ್ಜಿನಿಂದ ನೇರವಾಗಿ ಬಂದ ಚೀಸಿನಲ್ಲಿ ಕೊಬ್ಬು ಬಿಗಿದುಕೊಂಡು ಪರಿಮಳ ಅಡಗಿರುತ್ತದೆ. ಬಡಿಸುವುದಕ್ಕೆ ಒಂದು ಗಂಟೆ ಮೊದಲೇ ಹೊರಗಿಟ್ಟು, ಕತ್ತರಿಸಿದ ಬದಿ ಒಣಗದಂತೆ ಸಡಿಲವಾಗಿ ಮುಚ್ಚಿಡಿ. ನೀಲಿ ಚೀಸಿಗೆ ಬೇರೆಯೇ ಚಾಕು ಇರಲಿ.